ಹಳೇ ಶೆವಿ ಪಿಕಪ್‌ಗೆ 5.3 ಲೀಟರ್ ವಿ8 ಎಂಜಿನ್ ಕೂರಿಸುವುದು ಹೇಗೆ

ಎಂಜಿನ್ ಕೂರಿಸುವುದು ಒಂದು ದಿನದ ಕೆಲಸ. ಆ ಎಂಜಿನ್‌ಗೆ ಗಾಡಿಯನ್ನು ಒಗ್ಗಿಸುವುದಕ್ಕೆ ತಿಂಗಳುಗಟ್ಟಲೆ ಬೇಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಶುರು ಮಾಡುವ ಎಲ್ಲರೂ ಎಂಜಿನ್ ಹುಡುಕುವುದರಿಂದಲೇ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿದೆ.

ನನ್ನದು 1969ರ ಶೆವ್ರೊಲೆ (ಶೆವಿ) ಸಿ10 ಪಿಕಪ್. ಮನೆ ಅಮೆರಿಕದ ಟೆಕ್ಸಾಸ್‌ನ ಡಲ್ಲಾಸ್ ಹತ್ತಿರ, ಗ್ಯಾರೇಜಿನಲ್ಲಿ ಎರಡು ಗಾಡಿಯ ಜಾಗ, ಅದರಲ್ಲಿ ಒಂದು ಪೂರ್ತಿ ಇದಕ್ಕೇ ಮೀಸಲು. ತಗೊಂಡಾಗ ಅದರಲ್ಲಿ ಇದ್ದದ್ದು 250 ಘನ ಇಂಚಿನ, ಅಂದರೆ 4.1 ಲೀಟರಿನ, ಒಂದೇ ಸಾಲಿನ ಆರು ಸಿಲಿಂಡರ್ ಎಂಜಿನ್. ಕಂಪನಿ ಲೆಕ್ಕದಲ್ಲಿ 155 ಹಾರ್ಸ್‌ಪವರ್. ಆದರೆ ಆ ಕಾಲದಲ್ಲಿ ಫ್ಯಾನು, ಸೈಲೆನ್ಸರ್ ಇತ್ಯಾದಿ ಇಲ್ಲದೆ ಬರೀ ಎಂಜಿನ್ನನ್ನು ಓಡಿಸಿ ಅಳೆಯುತ್ತಿದ್ದರು, ಹಾಗಾಗಿ ರಸ್ತೆಯಲ್ಲಿ ಸಿಗುವುದು ಅದಕ್ಕಿಂತ ಕಡಿಮೆ. ಊರೊಳಗೆ ಓಡಾಡಲು ಸಾಕು. ಇಲ್ಲಿನ ಹೈವೇಯಲ್ಲಿ ಎಲ್ಲರೂ 75 ಮೈಲಿ ವೇಗದಲ್ಲಿ ಹೋಗುವಾಗ ಪಕ್ಕದ ರ‍್ಯಾಂಪಿನಿಂದ ಒಳಗೆ ಸೇರಿಕೊಳ್ಳುವುದು ನಿಜಕ್ಕೂ ಭಯ.

ಅದರ ಜಾಗಕ್ಕೆ ನಾನು ಹಾಕಿದ್ದು ಜನರಲ್ ಮೋಟರ್ಸ್‌ನ 5.3 ಲೀಟರ್ ವಿ8, ಅಂದರೆ ವಿ ಆಕಾರದಲ್ಲಿ ಎಂಟು ಸಿಲಿಂಡರ್. 1997ರ ಕಾರ್ವೆಟ್ ಸ್ಪೋರ್ಟ್ಸ್ ಕಾರಿನಲ್ಲಿ ಎಲ್‌ಎಸ್1 ಅನ್ನುವ ಎಂಜಿನ್ ಬಂತಲ್ಲ, ಅದೇ ಮನೆತನದ ಟ್ರಕ್ ಎಂಜಿನ್ ಇದು. ಹೆಸರು ಎಲ್‌ಎಂ7. 1999ರಿಂದ 2007ರವರೆಗೆ ಸಿಲ್ವರಾಡೊ, ಟಾಹೊ, ಸಬರ್ಬನ್ ಇವುಗಳಲ್ಲೆಲ್ಲ ಬಂದಿದೆ. ವರ್ಷದ ಮೇಲೆ 270ರಿಂದ 295 ಹಾರ್ಸ್‌ಪವರ್, ಇದು ಎಲ್ಲ ಭಾಗ ಜೋಡಿಸಿ ಅಳೆದ ಲೆಕ್ಕ. ಕಬ್ಬಿಣದ ಬ್ಲಾಕ್, ಅದರ ಮೇಲೆ ಕೂರುವ ಅಲ್ಯೂಮಿನಿಯಂ ಹೆಡ್. ಗಟ್ಟಿ ಎಂಜಿನ್, ಬಿಡಿಭಾಗ ಎಲ್ಲಿ ಕೇಳಿದರೂ ಸಿಗುತ್ತವೆ. 6.0 ಲೀಟರಿನ ಎಲ್‌ಕ್ಯೂ4 ಕೂಡ ಇದೆ. ಜಾಗದ ಲೆಕ್ಕದಲ್ಲಿ ಎರಡೂ ಒಂದೇ, ಆದರೆ 6.0ಕ್ಕೆ ಬೇಡಿಕೆ ಜಾಸ್ತಿ, ಬೆಲೆಯೂ ಜಾಸ್ತಿ. ಸಿ10ನಂಥ ಗಾಡಿಗೆ 5.3 ಧಾರಾಳ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಕಾನೂನಿನ ವಿಷಯ ಮೊದಲು ಮುಗಿಸಿಬಿಡೋಣ. ಟೆಕ್ಸಾಸ್‌ನಲ್ಲಿ ಹೊಗೆ ಪರೀಕ್ಷೆ ಇರುವ ಜಿಲ್ಲೆಗಳಲ್ಲೂ ಅದು 24 ವರ್ಷದವರೆಗಿನ ಗಾಡಿಗೆ ಮಾತ್ರ, 1969ರದ್ದಕ್ಕೆ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇರುವವರಿಗೆ 1975 ಮತ್ತು ಅದಕ್ಕಿಂತ ಹಳೆಯ ಪೆಟ್ರೋಲ್ ಗಾಡಿಗಳಿಗೆ ವಿನಾಯಿತಿ ಇದೆ. ಕರ್ನಾಟಕದಲ್ಲಿ ಕೂತು ಹಳೇ ಜೀಪಿಗೋ ಪಿಕಪ್‌ಗೋ ಹೀಗೆ ಮಾಡಬೇಕು ಅಂದುಕೊಂಡು ಓದುತ್ತಿದ್ದರೆ, ಅಲ್ಲಿ ಲೆಕ್ಕವೇ ಬೇರೆ. ಗಾಡಿಯನ್ನು ಮಾರ್ಪಡಿಸುವುದರ ಬಗ್ಗೆ ಮೋಟಾರು ವಾಹನ ಕಾಯ್ದೆಯ ಕಲಂ 52 ಇದೆ, ಆರ್‌ಸಿಯಲ್ಲಿ ಎಂಜಿನ್ ನಂಬರ್ ಇದೆ. ಸ್ಪಾನರ್ ಕೈಗೆ ತಗೊಳ್ಳುವ ಮೊದಲು ಆರ್‌ಟಿಒ ಹತ್ತಿರ ಹೋಗಿ ಕೇಳಿ. ಎಲ್ಲೇ ಆಗಲಿ, ಎಂಜಿನ್ ತಗೊಂಡ ರಸೀದಿ ಜೋಪಾನವಾಗಿ ಇಟ್ಟುಕೊಳ್ಳಿ.

ಈಗ ಎಂಜಿನ್ ಹುಡುಕುವುದು. ಇಲ್ಲಿನ ಗುಜರಿಗಳಲ್ಲಿ ಸಾಲಾಗಿ ನಿಂತಿರುತ್ತವೆ. ಆದರೆ ಬ್ಲಾಕಿನ ಮೇಲೆ 4.8 ಮತ್ತು 5.3 ಎರಡೂ ಒಟ್ಟಿಗೆ ಅಚ್ಚಾಗಿರುತ್ತವೆ, ಯಾಕಂದರೆ ಎರಡಕ್ಕೂ ಒಂದೇ ಬ್ಲಾಕ್, ಬೋರು (ಸಿಲಿಂಡರಿನ ಅಗಲ) 3.78 ಇಂಚು. ವ್ಯತ್ಯಾಸ ಇರುವುದು ಸ್ಟ್ರೋಕಿನಲ್ಲಿ, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರದಲ್ಲಿ. ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ನನಗೆ ಮೊದಲು ಸಿಕ್ಕ ಎಂಜಿನ್ನನ್ನು ಒಂದು ಗುಜರಿಯವರು 5.3 ಅಂತಲೇ ಮಾರಿದರು. ಮನೆಗೆ ತಂದು ಸ್ಪಾರ್ಕ್ ಪ್ಲಗ್ ಬಿಚ್ಚಿ, ತೂತಿನೊಳಗೆ ಸಣ್ಣ ಕ್ಯಾಮೆರಾ ಬಿಟ್ಟು ನೋಡಿದರೆ ಪಿಸ್ಟನ್ ತಲೆ ಚಪ್ಪಟೆ. ಎಲ್‌ಎಂ7ರಲ್ಲಿ ಪಿಸ್ಟನ್ ತಲೆ ತಟ್ಟೆಯ ಹಾಗೆ ಸ್ವಲ್ಪ ಒಳಗೆ ಇಳಿದಿರುತ್ತದೆ, 4.8ರಲ್ಲಿ ಸಪಾಟು. ವಾಪಸ್ ಕೊಟ್ಟು ಬರುವಷ್ಟರಲ್ಲಿ ಎರಡು ವಾರ ಹೋಯಿತು. ಹಾಗಾಗಿ ಎಂಜಿನ್ ಇನ್ನೂ ಗಾಡಿಯಲ್ಲೇ ಇದ್ದರೆ ಗಾಡಿಯ ಗುರುತಿನ ನಂಬರಿನ (ವಿಐಎನ್) ಎಂಟನೇ ಅಕ್ಷರ ನೋಡಿ: ಟಿ ಇದ್ದರೆ ಎಲ್‌ಎಂ7, ವಿ ಇದ್ದರೆ 4.8, ಯು ಇದ್ದರೆ 6.0 ಎಲ್‌ಕ್ಯೂ4. ಬಿಚ್ಚಿಟ್ಟಿದ್ದರೆ ಕ್ಯಾಮೆರಾ ತಗೊಂಡೇ ಹೋಗಿ.

ಇನ್ನೊಂದು ಮಾತು. 2007ರ ಸುಮಾರಿಗೆ ಬಂದ ಮುಂದಿನ ಪೀಳಿಗೆಯ ಎಷ್ಟೋ 5.3ಗಳಲ್ಲಿ, ಭಾರ ಕಡಿಮೆ ಇದ್ದಾಗ ನಾಲ್ಕು ಸಿಲಿಂಡರ್ ನಿಲ್ಲಿಸುವ ವ್ಯವಸ್ಥೆ ಇದೆ. ಅದರ ವಾಲ್ವ್ ಎತ್ತುವ ಲಿಫ್ಟರ್‌ಗಳು ಕೆಡುವುದು ಈ ಕೆಲಸ ಮಾಡುವವರಿಗೆಲ್ಲ ಗೊತ್ತು. ಮೊದಲ ಸಲ ಕೈ ಹಾಕುವವರು ಹಳೇ ಪೀಳಿಗೆಯದ್ದನ್ನೇ ತಗೊಳ್ಳಿ. ಅದರಲ್ಲೂ ಎಕ್ಸಲರೇಟರ್‌ಗೆ ಕೇಬಲ್ ಇರುವುದು ಸಿಕ್ಕರೆ ಬಿಡಬೇಡಿ, 1999ರಿಂದ 2002ರ ಪಿಕಪ್‌ಗಳಲ್ಲಿ ಹೆಚ್ಚಾಗಿ ಸಿಗುತ್ತದೆ. ಆಮೇಲಿನವು ವೈರಿನಲ್ಲಿ ನಡೆಯುವಂಥವು. ಅವಕ್ಕೆ ಪೆಡಲ್, ಅದರ ಮಾಡ್ಯೂಲ್, ಕಂಪ್ಯೂಟರ್ ಮೂರೂ ಒಂದಕ್ಕೊಂದು ಹೊಂದಬೇಕು. ಎಂಜಿನ್ ಜೊತೆಗೇ ವೈರಿಂಗ್, ಕಂಪ್ಯೂಟರ್, ಗೇರ್‌ಬಾಕ್ಸ್ ಎಲ್ಲ ಒಂದೇ ಗಾಡಿಯದ್ದು ತಗೊಳ್ಳಿ. ಬಿಡಿಬಿಡಿಯಾಗಿ ಕೊಂಡರೆ ಅಗ್ಗ ಅನ್ನಿಸುತ್ತದೆ, ಆಗುವುದಿಲ್ಲ.

ಎಂಜಿನ್ ಮನೆಗೆ ಬಂತು. ಹಾಗೇ ಎತ್ತಿ ಕೂರಿಸಬೇಡಿ. ಅದು ಸ್ಟ್ಯಾಂಡಿನ ಮೇಲೆ ಇರುವಾಗ ಮಾಡುವ ಕೆಲಸ ಹತ್ತು ನಿಮಿಷದ್ದು, ಗಾಡಿಯೊಳಗೆ ಹೋದ ಮೇಲೆ ಅದೇ ಅರ್ಧ ದಿನ. ಎಂಜಿನ್ನಿಗೆ ಗಾಳಿ ಕೊಡುವ ಇಂಟೇಕ್ ಮ್ಯಾನಿಫೋಲ್ಡ್ ತೆಗೆಯಿರಿ. ಅದರ ಕೆಳಗೆ, ಎರಡು ಹೆಡ್‌ಗಳ ನಡುವಿನ ಕಣಿವೆಯಲ್ಲಿ, ಎಂಜಿನ್ನಿನ ಒಳಗಿನ ಬಡಿತ ಗಮನಿಸುವ ಎರಡು ನಾಕ್ ಸೆನ್ಸರ್‌ಗಳು ಸಣ್ಣ ಬಾವಿಯಂಥ ಗುಳಿಗಳಲ್ಲಿ ಕೂತಿರುತ್ತವೆ, ಮೇಲೊಂದು ರಬ್ಬರ್ ಟೋಪಿ. ಹಿಂದಿನದರ ಟೋಪಿ ಬಿರುಕು ಬಿಟ್ಟು ನೀರು ಇಳಿಯುತ್ತದೆ. ನನ್ನದರಲ್ಲಿ ಟೋಪಿ ಎತ್ತಿದ ಕೂಡಲೇ ಒಳಗೆ ಕಾಫಿ ಡಿಕಾಕ್ಷನ್ ಬಣ್ಣದ ತುಕ್ಕು ನೀರು ನಿಂತಿತ್ತು, ಸೆನ್ಸರಿನ ತಲೆ ಮುಟ್ಟಿದರೆ ಪುಡಿಪುಡಿ. ಎರಡನ್ನೂ, ಅವುಗಳ ವೈರನ್ನೂ ಹೊಸದು ಹಾಕಿ. ನೀರನ್ನು ಬಟ್ಟೆಯಲ್ಲಿ ಪೂರ್ತಿ ಹೀರಿಸಿ ಒಣಗಿಸಿದ ಮೇಲೆ ಸೆನ್ಸರ್ ಬಿಚ್ಚಿ.

ಆಮೇಲೆ ಆಯಿಲ್ ಚೇಂಬರ್. ಎಣ್ಣೆ ಹೀರುವ ಕೊಳವೆಗೂ ಆಯಿಲ್ ಪಂಪಿಗೂ ನಡುವೆ ಒಂದು ಚಿಕ್ಕ ಓ-ರಿಂಗ್ ಇದೆ. ವಯಸ್ಸಾಗಿ ಗಟ್ಟಿಯಾದರೆ ಪಂಪು ಎಣ್ಣೆಯ ಜೊತೆ ಗಾಳಿ ಎಳೆಯುತ್ತದೆ, ಎಣ್ಣೆ ಒತ್ತಡ ಬೀಳುತ್ತದೆ. ಕೆಲವೇ ಡಾಲರಿನ ರಬ್ಬರ್ ಬಳೆ, ಅದರ ಮೇಲೆ ಇಡೀ ಎಂಜಿನ್ ನಿಂತಿದೆ. ಹೊಸದಕ್ಕೆ ಎಣ್ಣೆ ಸವರಿ, ಓರೆಯಾಗದ ಹಾಗೆ ಕೈಯಲ್ಲೇ ಒತ್ತಿ ಕೂರಿಸಿ, ಬೋಲ್ಟನ್ನು ಕೊನೆಯಲ್ಲಿ ಬಿಗಿ ಮಾಡಿ. ಬೋಲ್ಟ್ ಬಿಗಿದು ಅದನ್ನು ಒಳಗೆ ಎಳೆಸಲು ಹೋದರೆ ರಿಂಗ್ ಕಚ್ಚಿಕೊಂಡು ಹರಿಯುತ್ತದೆ. ಚೇಂಬರ್ ತೆಗೆದೇ ಇರುವುದರಿಂದ ಇನ್ನೊಂದು ನಿರ್ಧಾರವನ್ನೂ ಈಗಲೇ ಮಾಡಿ. ಟ್ರಕ್ಕಿನ ಚೇಂಬರ್ ಆಳವಾದದ್ದು, ಸಿ10ನ ಚಾಸಿಸ್‌ನ ಮುಂದಿನ ಅಡ್ಡಪಟ್ಟಿಗಿಂತ (ಕ್ರಾಸ್‌ಮೆಂಬರ್) ಕೆಳಗೆ ಜೋತುಬೀಳುತ್ತದೆ. ಗಾಡಿಯನ್ನು ತಗ್ಗಿಸಿದ್ದರೆ ಅಥವಾ ತಗ್ಗಿಸುವ ಆಸೆ ಇದ್ದರೆ 1998ರಿಂದ 2002ರ ಕಮಾರೊ ಕಾರಿನ ಚೇಂಬರನ್ನೋ ಇದಕ್ಕೆಂದೇ ಮಾಡಿ ಮಾರುವುದನ್ನೋ ಹಾಕಿ. ಚೇಂಬರ್ ಬದಲಾದರೆ ಹೀರುವ ಕೊಳವೆ ಮತ್ತು ಡಿಪ್‌ಸ್ಟಿಕ್ ಕೂಡ ಬದಲಾಗಬೇಕು, ಮರೆಯಬೇಡಿ.

ಹಳೇ ಎಂಜಿನ್ ತೆಗೆಯುವುದು ಸುಲಭದ ಕೆಲಸ. ಬಾನೆಟ್, ರೇಡಿಯೇಟರ್ ತೆಗೆದು, ಎಂಜಿನ್ ಗೇರ್‌ಬಾಕ್ಸ್ ಎರಡನ್ನೂ ಒಟ್ಟಿಗೆ ಕ್ರೇನಿನಲ್ಲಿ ಎತ್ತಿಬಿಡಿ. ಸ್ಟೀರಿಂಗ್ ಕಂಬದಲ್ಲೇ ಮೂರು ಗೇರ್ ಇದ್ದ ಗಾಡಿ ನನ್ನದು, ಆ ಕಡ್ಡಿಗಳನ್ನೆಲ್ಲ ಬಿಚ್ಚಬೇಕಾಯಿತು. ಖಾಲಿ ಜಾಗ ಸಿಕ್ಕಾಗ ಚಾಸಿಸ್ ಉಜ್ಜಿ, ಬಣ್ಣ ಹೊಡೆದುಬಿಡಿ. ಇನ್ನೊಮ್ಮೆ ಆ ಮೂಲೆಗಳಿಗೆ ಕೈ ಹೋಗುವುದಿಲ್ಲ.

ಈಗ ಕೂರಿಸುವುದು. ಹೊಸ ಬ್ಲಾಕಿನ ಪಕ್ಕದಲ್ಲಿ ಮೌಂಟಿಂಗಿಗೆ ನಾಲ್ಕು ಬೋಲ್ಟ್, ಹಳೇ ಶೆವಿ ವಿ8ಗೆ ಮೂರು. ನಡುವೆ ಹಾಕುವ ಅಡಾಪ್ಟರ್ ಪ್ಲೇಟ್ ಸಿಗುತ್ತದೆ. ಆರು ಸಿಲಿಂಡರಿನ ಗಾಡಿಯಾದರೆ ಚಾಸಿಸ್ ಮೇಲಿನ ಸ್ಟ್ಯಾಂಡ್ ಕೂಡ ವಿ8ರದ್ದಕ್ಕೆ ಬದಲಿಸಬೇಕು. ಮೊದಲ ಸಲ ಇಳಿಸುವಾಗ ಇದು ಬರೀ ಅಳತೆ ನೋಡಲು ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮತ್ತೆ ಎತ್ತಲೇಬೇಕಾಗುತ್ತದೆ. ಆದರೆ ಇಳಿಸುವಾಗ ಎಲ್ಲವನ್ನೂ ಹಾಕಿಕೊಂಡೇ ಇಳಿಸಿ: ಚೇಂಬರ್, ಎಕ್ಸಾಸ್ಟ್ ಮ್ಯಾನಿಫೋಲ್ಡ್, ಡೈನಮೋ, ಪವರ್ ಸ್ಟೀರಿಂಗ್ ಪಂಪ್, ಎಸಿ ಕಂಪ್ರೆಸರ್, ಗೇರ್‌ಬಾಕ್ಸ್. ಬರೀ ಬ್ಲಾಕ್ ಇಳಿಸಿ ನೋಡಿದರೆ ಎಲ್ಲವೂ ಚೆನ್ನಾಗಿ ಕೂರುತ್ತದೆ, ಖುಷಿಯೂ ಆಗುತ್ತದೆ. ಆಮೇಲೆ ಟ್ರಕ್ಕಿನ ಎಸಿ ಕಂಪ್ರೆಸರ್ ಹಾಕಲು ಹೋದರೆ ಅದು ಬಲಗಡೆ ಕೆಳಗೆ ನೇರ ಚಾಸಿಸ್‌ಗೆ ಬಡಿಯುತ್ತದೆ. ಕೆಲವರು ಚಾಸಿಸ್ ಕತ್ತರಿಸಿ ಜಾಗ ಮಾಡುತ್ತಾರೆ. ನನಗೆ ಐವತ್ತು ವರ್ಷ ದಾಟಿದ ಚಾಸಿಸ್‌ಗೆ ಗರಗಸ ಹಾಕಲು ಮನಸ್ಸು ಬರಲಿಲ್ಲ, ಕಂಪ್ರೆಸರನ್ನು ಮೇಲಕ್ಕೆ ತರುವ ಬ್ರಾಕೆಟ್ ಹಾಕಿದೆ. ಟೆಕ್ಸಾಸ್ ಬಿಸಿಲಿನಲ್ಲಿ ಎಸಿ ಬೇಡ ಅನ್ನಲು ಆಗುವುದಿಲ್ಲವಲ್ಲ.

ಹಿಂದೆ ಹೆಡ್‌ಗೂ, ಎಂಜಿನ್ನಿಗೂ ಕ್ಯಾಬಿನ್ನಿಗೂ ಮಧ್ಯೆ ಇರುವ ಗೋಡೆಗೂ (ಫೈರ್‌ವಾಲ್) ನಡುವೆ ಕನಿಷ್ಠ ಒಂದು ಇಂಚು ಇರಲಿ. ಎಡಗಡೆ ಸ್ಟೀರಿಂಗ್ ಶಾಫ್ಟು ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ತಾಗುತ್ತದೆಯಾ ನೋಡಿ. ಇದನ್ನು ಸುಮ್ನೆ ಕಣ್ಣಲ್ಲಿ ಅಂದಾಜು ಮಾಡಬೇಡಿ, ಒಬ್ಬರು ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಲಿ, ನೀವು ಕೆಳಗೆ ಕೂತು ನೋಡಿ. ಎಂಜಿನ್ ಓಡುವಾಗ ಅಲುಗಾಡುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ತಗೊಳ್ಳಿ.

ಗೇರ್‌ಬಾಕ್ಸ್ ನಾನು ಹಾಕಿದ್ದು ಎಂಜಿನ್ ಜೊತೆಗೇ ಬಂದ 4ಎಲ್60ಇ, ನಾಲ್ಕು ಗೇರಿನ ಆಟೋಮ್ಯಾಟಿಕ್. ಮೊದಲ ಗೇರ್ 3.06, ಕೊನೆಯದು 0.70. ಆ ಕೊನೆಯ ಗೇರಿಗಾಗಿಯೇ ಅದು ಬೇಕು. ಹಳೇ ಮೂರು ಗೇರಿನಲ್ಲಿ ಹೈವೇಯಲ್ಲಿ ಎಂಜಿನ್ ಕಿರುಚುತ್ತಿತ್ತು, ಈಗ ಅದೇ ವೇಗದಲ್ಲಿ ಆರಾಮಾಗಿ ಮಾತಾಡಿಕೊಂಡು ಹೋಗಬಹುದು. ಗೇರ್‌ಬಾಕ್ಸ್ ಹೊರುವ ಕ್ರಾಸ್‌ಮೆಂಬರಿನ ಜಾಗ ಬದಲಾಗುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಉದ್ದವೂ ಬದಲಾಗುತ್ತದೆ. ಶಾಫ್ಟಿಗೆ ಅಳತೆ ತಗೊಳ್ಳುವಾಗ ಗಾಡಿ ತನ್ನ ಚಕ್ರದ ಮೇಲೇ ನಿಂತಿರಬೇಕು, ಜಾಕಿಯ ಮೇಲಲ್ಲ. ಹಿಂದಿನ ಆಕ್ಸಲ್ ಜೋತುಬಿದ್ದಾಗ ತಗೊಂಡ ಅಳತೆ ತಪ್ಪಾಗುತ್ತದೆ. ಎಂಜಿನ್ ಹಿಂದಕ್ಕೆ ಸುಮಾರು ಮೂರು ಡಿಗ್ರಿ ಇಳಿಜಾರು ಇರಲಿ, ಆಕ್ಸಲ್ಲಿನ ಮೂತಿ ಅಷ್ಟೇ ಡಿಗ್ರಿ ಮೇಲಕ್ಕೆ ನೋಡುತ್ತಿರಲಿ, ಇಲ್ಲದಿದ್ದರೆ ಒಂದು ವೇಗಕ್ಕೆ ಬಂದಾಗ ಇಡೀ ಗಾಡಿ ನಡುಗುತ್ತದೆ. ಹಳೇ ಸ್ಪೀಡೋಮೀಟರ್ ಕೇಬಲ್ಲಿನದ್ದು, ಹೊಸ ಗೇರ್‌ಬಾಕ್ಸ್‌ನಲ್ಲಿ ಕೇಬಲ್ಲಿಗೆ ಜಾಗವೇ ಇಲ್ಲ. ಸೆನ್ಸರಿನ ಸಿಗ್ನಲ್ ತಗೊಂಡು ಮೋಟಾರಿನಿಂದ ಕೇಬಲ್ ತಿರುಗಿಸುವ ಡಬ್ಬಿ ಸಿಗುತ್ತದೆ, ಹಳೇ ಮೀಟರ್ ಉಳಿಸಿಕೊಳ್ಳಬೇಕು ಅಂದರೆ ಅದೇ ದಾರಿ.

ಪೆಟ್ರೋಲ್ ವಿಷಯಕ್ಕೆ ಸ್ವಲ್ಪ ನಿಧಾನವಾಗಿ ಬರೋಣ. 1967ರಿಂದ 1972ರವರೆಗಿನ ಈ ಪಿಕಪ್‌ಗಳಲ್ಲಿ ಪೆಟ್ರೋಲ್ ಟ್ಯಾಂಕ್ ಎಲ್ಲಿದೆ ಗೊತ್ತಾ? ಸೀಟಿನ ಹಿಂದೆ, ಕ್ಯಾಬಿನ್ನಿನ ಒಳಗೆ. ನೀವು ಬೆನ್ನು ಆನಿಸಿ ಕೂತ ಸೀಟಿನ ಆಚೆ ಟ್ಯಾಂಕು ತುಂಬ ಪೆಟ್ರೋಲು. ನಾನು ಸೀಟು ಬಿಚ್ಚಿದಾಗ ಟ್ಯಾಂಕಿನ ಕೆಳಗಿನ ಕಾರ್ಪೆಟ್ ತುಂಡು ಪೆಟ್ರೋಲ್ ವಾಸನೆ ಹೊಡೆಯುತ್ತಿತ್ತು. ಹಳೇ ಎಂಜಿನ್ನಿನ ಪಂಪು ಕೊಡುತ್ತಿದ್ದದ್ದು ಐದಾರು ಪಿಎಸ್‌ಐ ಒತ್ತಡ. ಈ ಎಂಜಿನ್‌ಗೆ ಬೇಕಾದದ್ದು 58. ಹತ್ತು ಪಟ್ಟು. ಅಷ್ಟು ಒತ್ತಡದ ಪೆಟ್ರೋಲನ್ನು ಬೆನ್ನ ಹಿಂದೆ ಇಟ್ಟುಕೊಂಡು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಓಡಿಸಲು ನಾನು ತಯಾರಿರಲಿಲ್ಲ. ಟ್ಯಾಂಕನ್ನು ಹಿಂದೆ, ಸಾಮಾನು ಹೇರುವ ಡಬ್ಬಿಯ ಕೆಳಗೆ, ಚಾಸಿಸ್ ಪಟ್ಟಿಗಳ ನಡುವೆ ಹಾಕಿದೆ, ಇದಕ್ಕೆಂದೇ ಮಾಡಿದ ಟ್ಯಾಂಕುಗಳು ಸಿಗುತ್ತವೆ. ಪಂಪು ಟ್ಯಾಂಕಿನ ಒಳಗೇ ಇರಲಿ, ಪೆಟ್ರೋಲಿನಲ್ಲಿ ಮುಳುಗಿದ್ದರೆ ಅದು ತಣ್ಣಗಿರುತ್ತದೆ, ಸದ್ದೂ ಕಡಿಮೆ. ಒತ್ತಡ ಸರಿಮಾಡಲು 1999ರಿಂದ 2003ರ ಕಾರ್ವೆಟ್ಟಿನ ಫಿಲ್ಟರ್ ಬಳಸಿ, ಅದರೊಳಗೇ 58 ಪಿಎಸ್‌ಐ ರೆಗ್ಯುಲೇಟರ್ ಇದೆ. ಆದರೆ ನಿಮ್ಮ ಎಂಜಿನ್ನಿನ ಫ್ಯುಯಲ್ ರೈಲಿನ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆ) ಮೇಲೇ ರೆಗ್ಯುಲೇಟರ್ ಇದ್ದು ವಾಪಸ್ ಕೊಳವೆ ಇದ್ದರೆ ಇದು ಬೇಡ, ಎರಡರಲ್ಲಿ ಒಂದು ಮಾತ್ರ. ಹಳೇ ರಬ್ಬರ್ ಪೈಪುಗಳನ್ನು ಒಂದನ್ನೂ ಉಳಿಸಬೇಡಿ. ಇಂಜೆಕ್ಷನ್ನಿಗೆ ಅಂತ ಬರೆದಿರುವ ಹೋಸ್, ಅದಕ್ಕೇ ಮಾಡಿದ ಕ್ಲ್ಯಾಂಪ್ ಮಾತ್ರ ಹಾಕಿ.

ತಂಪು ಮಾಡುವುದು. ಆರು ಸಿಲಿಂಡರಿನ ರೇಡಿಯೇಟರ್ ಸಾಲುವುದಿಲ್ಲ, ದೊಡ್ಡದು ಹಾಕಿ. ಈ ಎಂಜಿನ್ನಿನ ಹೆಡ್‌ಗಳ ಮೇಲೆ ಪೆನ್ಸಿಲ್ ದಪ್ಪದ ಒಂದು ಕೊಳವೆ ಇರುತ್ತದೆ, ಆವಿ ಹೊರಹೋಗಲು. ಬೇಡದ್ದು ಅಂತ ಮುಚ್ಚಿಬಿಡುವವರನ್ನು ನೋಡಿದ್ದೇನೆ. ಮುಚ್ಚಬೇಡಿ. ಹೆಡ್ಡಿನ ಮೇಲ್ಭಾಗದಲ್ಲಿ ಆವಿ ಸಿಕ್ಕಿಕೊಂಡರೆ ಮೀಟರಿನಲ್ಲಿ ಎಲ್ಲ ಸರಿ ಇದ್ದ ಹಾಗೆ ಕಂಡರೂ ಒಳಗೆ ಒಂದು ಮೂಲೆ ಕಾಯುತ್ತಿರುತ್ತದೆ. ಅದನ್ನು ರೇಡಿಯೇಟರಿನ ಮೇಲ್ಭಾಗಕ್ಕೆ ಜೋಡಿಸಿ. ಫ್ಯಾನುಗಳು ಎಲೆಕ್ಟ್ರಿಕ್ಕಿನವು ಸಾಕು, ಯಾವಾಗ ತಿರುಗಬೇಕು ಅಂತ ಎಂಜಿನ್ ಕಂಪ್ಯೂಟರೇ ಹೇಳುತ್ತದೆ.

ಜನ ಹೆದರುವುದು ವೈರಿಂಗಿಗೆ. ಅಷ್ಟೇನೂ ಇಲ್ಲ. ಹಳೇ ಗಾಡಿಯ ವೈರಿಂಗ್ ತನ್ನ ಪಾಡಿಗೆ ದೀಪ, ಹಾರ್ನ್ ನೋಡಿಕೊಳ್ಳಲಿ, ಎಂಜಿನ್ನಿನದ್ದು ಪೂರ್ತಿ ಪ್ರತ್ಯೇಕ ಇರಲಿ. ಎರಡೂ ಸೇರುವುದು ಕೆಲವೇ ಕಡೆ. ಕಿತ್ತಳೆ ವೈರಿಗೆ ಬ್ಯಾಟರಿಯಿಂದ ಸದಾ 12 ವೋಲ್ಟ್. ಗುಲಾಬಿ ವೈರಿಗೆ ಕೀ ಹಾಕಿದಾಗ 12 ವೋಲ್ಟ್. ಪೆಟ್ರೋಲ್ ಪಂಪಿನ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡದನ್ನು ಆನ್ ಮಾಡುವ ಸ್ವಿಚ್). ಫ್ಯಾನಿನ ರಿಲೇ. ಒಂದು ಎಚ್ಚರಿಕೆ ದೀಪ, ಒಂದು ಸ್ಕ್ಯಾನರ್ ಸಾಕೆಟ್. ಮತ್ತೆ ಅರ್ತಿಂಗ್, ಅದು ಎಷ್ಟು ಇದ್ದರೂ ಜಾಸ್ತಿಯಲ್ಲ: ಹೆಡ್ಡಿನ ಹಿಂಭಾಗದಿಂದ ಬಾಡಿಗೆ, ಬ್ಲಾಕಿನಿಂದ ಚಾಸಿಸ್‌ಗೆ, ಚಾಸಿಸ್‌ನಿಂದ ಬ್ಯಾಟರಿಗೆ, ಪ್ರತಿ ಕಡೆಯೂ ಬಣ್ಣ ಉಜ್ಜಿ ಹೊಳೆಯುವ ಲೋಹ ಕಾಣಿಸಬೇಕು.

ಆ ಗುಲಾಬಿ ವೈರು ನನಗೆ ಮೂರು ವಾರಾಂತ್ಯ ತಿಂದಿತು. ಸೆಲ್ಫ್ ಹೊಡೆದರೆ ಎಂಜಿನ್ ಒಂದು ಕ್ಷಣ ಹಿಡಿದುಕೊಂಡು ಸತ್ತುಹೋಗುತ್ತಿತ್ತು. ಪೆಟ್ರೋಲ್ ನೋಡಿದೆ, ಸೆನ್ಸರ್ ನೋಡಿದೆ, ಎಲ್ಲ ಸರಿ. ಕೊನೆಗೆ ಮೀಟರ್ ಹಿಡಿದರೆ ಕಂಪ್ಯೂಟರಿಗೆ ಬರುತ್ತಿದ್ದದ್ದು 12 ಅಲ್ಲ, ಎಂಟು ಚಿಲ್ಲರೆ. ನಾನು ಹಳೇ ಇಗ್ನಿಷನ್ ಕಾಯಿಲಿಗೆ ಹೋಗುತ್ತಿದ್ದ ವೈರಿನಿಂದಲೇ ಕರೆಂಟ್ ತಗೊಂಡಿದ್ದೆ. ಡಿಸ್ಟ್ರಿಬ್ಯೂಟರಿನಲ್ಲಿ ಕಾಯಿಲಿನ ಕರೆಂಟ್ ಕಡಿಯುವ ಪಾಯಿಂಟ್ ಇದ್ದ ಕಾಲದ ಗಾಡಿಗಳಲ್ಲಿ ಆ ವೈರೇ ಒಂದು ರೆಸಿಸ್ಟರ್, ಪಾಯಿಂಟ್ ಸುಡದಿರಲಿ ಅಂತ ಬೇಕೆಂದೇ ವೋಲ್ಟೇಜ್ ಇಳಿಸುತ್ತದೆ. ಆ ವೈರನ್ನು ಮುಟ್ಟಲೇಬೇಡಿ. ನೇರ ಇಗ್ನಿಷನ್ ಸ್ವಿಚ್ಚಿನಿಂದ ತಗೊಂಡು ಒಂದು ರಿಲೇ ಹಾಕಿ. ಕೀ ಆನ್‌ನಲ್ಲಿದ್ದಾಗ ಮಾತ್ರವಲ್ಲ, ಸೆಲ್ಫ್ ಹೊಡೆಯುವಾಗಲೂ ಅದರಲ್ಲಿ ಕರೆಂಟ್ ಇದೆಯಾ ಅಂತ ಮೀಟರಿನಲ್ಲಿ ನೋಡಿ.

ಕಂಪ್ಯೂಟರಿನಲ್ಲಿ ಕಳ್ಳತನ ತಡೆಯುವ ಬೀಗ ಇರುತ್ತದೆ, ಅದನ್ನು ಪ್ರೋಗ್ರಾಂನಲ್ಲಿ ತೆಗೆಸದಿದ್ದರೆ ಎಂಜಿನ್ ಓಡುವುದಿಲ್ಲ. ಎಕ್ಸಾಸ್ಟ್ ಪೈಪಿನಲ್ಲಿರುವ ಹಿಂದಿನ ಎರಡು ಆಕ್ಸಿಜನ್ ಸೆನ್ಸರ್‌ಗಳನ್ನೂ ಅದರಲ್ಲೇ ತೆಗೆಸಿ, ಮುಂದಿನ ಎರಡು ಬೇಕೇ ಬೇಕು. ಕಂಪ್ಯೂಟರನ್ನು ಅಂಚೆಯಲ್ಲಿ ಕಳಿಸಿದರೆ ಮಾಡಿ ಕಳಿಸುವವರು ತುಂಬ ಜನ ಇದ್ದಾರೆ.

ಇಷ್ಟೆಲ್ಲ ಆಯಿತು, ಆದರೆ ಬ್ರೇಕಿಗೆ ಕೈ ಹಾಕದೆ ಕೀ ತಿರುಗಿಸಬೇಡಿ. 1969ರ ಸಿ10ಗೆ ನಾಲ್ಕೂ ಕಡೆ ಡ್ರಮ್ ಬ್ರೇಕ್. ಮುಂದೆ ಡಿಸ್ಕ್ ಬಂದದ್ದು 1971ರಲ್ಲಿ. ಹತ್ತಿರಹತ್ತಿರ ಎರಡು ಪಟ್ಟು ಶಕ್ತಿ ಹಾಕಿ, ನಿಲ್ಲಿಸುವುದಕ್ಕೆ ಹಳೇ ಡ್ರಮ್ ಬಿಟ್ಟರೆ ಅದು ನಿಮಗಿಂತ ಮುಂದಿನ ಗಾಡಿಯವರಿಗೆ ಅಪಾಯ. ಮುಂದಿನ ಚಕ್ರಕ್ಕೆ ಡಿಸ್ಕ್ ಕಿಟ್ ಹಾಕಿ, ಕಾಲಿನ ಒತ್ತಡ ಹೆಚ್ಚಿಸುವ ಬೂಸ್ಟರ್ ಹಾಕಿ. ಮಾಸ್ಟರ್ ಸಿಲಿಂಡರನ್ನೂ ಡಿಸ್ಕಿನದ್ದಕ್ಕೆ ಬದಲಿಸಿ, ಯಾಕಂದರೆ ಡ್ರಮ್ಮಿನ ಮಾಸ್ಟರಿನಲ್ಲಿ ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸುವ ವಾಲ್ವ್ ಇರುತ್ತದೆ, ಅದು ಡಿಸ್ಕನ್ನು ಸದಾ ಹಿಡಿದುಕೊಂಡು ಕಾಯಿಸುತ್ತದೆ. ಕಿಟ್ ತರಿಸುವ ಮೊದಲು ಚಕ್ರದ ನಟ್ಟು ಎಣಿಸಿ: 1970ರವರೆಗೆ ಆರು, ಆಮೇಲೆ ಐದು. ಮುಂದೆ ಐದು ಹಿಂದೆ ಆರು ಆದರೆ ಒಂದು ಸ್ಟೆಪ್ನಿ ಎರಡಕ್ಕೂ ಆಗುವುದಿಲ್ಲ. ಎಂಜಿನ್ನಿಗೆ ಇಟ್ಟ ದುಡ್ಡು ಸಾಲದೆ ಬಂದರೆ ಎಂಜಿನ್ ಕೆಲಸ ತಡವಾಗಲಿ, ಬ್ರೇಕ್ ಮೊದಲು ಆಗಲಿ.

ಮೊದಲ ಸಲ ಶುರು ಮಾಡುವುದು. ಎಣ್ಣೆ ಹಾಕಿ, ಟ್ರಕ್ಕಿನ ಚೇಂಬರ್ ಆದರೆ ಸುಮಾರು ಆರು ಕ್ವಾರ್ಟ್ (ಒಂದು ಕ್ವಾರ್ಟ್ ಅಂದರೆ ಹೆಚ್ಚುಕಡಿಮೆ ಒಂದು ಲೀಟರ್). ಇಂಜೆಕ್ಟರ್ ಮತ್ತು ಕಾಯಿಲಿನ ಫ್ಯೂಸ್ ತೆಗೆದು, ಸ್ಪಾರ್ಕ್ ಪ್ಲಗ್‌ಗಳನ್ನೂ ಬಿಚ್ಚಿ, ಹತ್ತು ಹತ್ತು ಸೆಕೆಂಡು ಸೆಲ್ಫ್ ಹೊಡೆಯಿರಿ, ನಡುವೆ ಸೆಲ್ಫ್ ತಣ್ಣಗಾಗಲು ಬಿಡಿ. ಆಯಿಲ್ ಮೀಟರಿನ ಮುಳ್ಳು ಮೇಲೇಳುವವರೆಗೆ ಪ್ಲಗ್ ಹಾಕಬೇಡಿ. ಮುಳ್ಳು ಏಳಲೇ ಇಲ್ಲ ಅಂದರೆ ಆ ಓ-ರಿಂಗ್ ನೆನಪಿಸಿಕೊಳ್ಳಿ. ಆಮೇಲೆ ಕೀ ಆನ್ ಮಾಡಿ, ಪೆಟ್ರೋಲ್ ಒತ್ತಡ 58 ಬಂತಾ ನೋಡಿ, ಟ್ಯಾಂಕಿನಿಂದ ರೈಲಿನವರೆಗೆ ಪ್ರತಿ ಜಾಯಿಂಟನ್ನೂ ಕೈಯಲ್ಲಿ ಮುಟ್ಟಿ ಒದ್ದೆ ಇದೆಯಾ ನೋಡಿ. ಪಕ್ಕದಲ್ಲಿ ಬೆಂಕಿ ನಂದಿಸುವ ಸಿಲಿಂಡರ್ ಹಿಡಿದು ಒಬ್ಬರು ನಿಂತಿರಲಿ.

ನನ್ನದು ಶುರುವಾದದ್ದು ಒಂದು ಭಾನುವಾರ ಸಂಜೆ. ಅಡುಗೆಮನೆಯಿಂದ ನಮ್ಮನೆಯವರು ಓಡಿ ಬಂದರು. ಆರು ಸಿಲಿಂಡರಿನ ಟಕಟಕ ಇಲ್ಲ, ತಗ್ಗಿದ ದನಿಯ ಒಂದೇ ಸಮನೆ ಗುಡುಗು. ಶಾಖ ಏರುತ್ತಾ ಫ್ಯಾನುಗಳು ತಾವಾಗಿ ತಿರುಗುವವರೆಗೆ ಹಾಗೇ ಬಿಟ್ಟೆವು.

ರಸ್ತೆಗೆ ಇಳಿಸಿದ ಮೊದಲ ದಿನ ಐದು ಮೈಲಿ ಸಾಕು, ಅದೂ ಮನೆಯ ಸುತ್ತಮುತ್ತ. ವಾಪಸ್ ಬಂದು ಎಂಜಿನ್ ಓಡುತ್ತಿರುವಾಗಲೇ, ಪಾರ್ಕ್‌ನಲ್ಲಿಟ್ಟು ಗೇರ್ ಆಯಿಲ್ ನೋಡಿ, ಮೊದಲ ಸಲ ಖಂಡಿತ ಕಡಿಮೆ ಇರುತ್ತದೆ. ತಣ್ಣಗಾದ ಮೇಲೆ ಮೌಂಟಿಂಗ್, ಎಕ್ಸಾಸ್ಟ್, ಪ್ರೊಪೆಲ್ಲರ್ ಶಾಫ್ಟಿನ ಬೋಲ್ಟುಗಳನ್ನು ಮತ್ತೆ ಬಿಗಿ ಮಾಡಿ. ಕೂಲೆಂಟ್ ಮಟ್ಟ ಇಳಿದಿರುತ್ತದೆ, ತುಂಬಿಸಿ. ರಾತ್ರಿ ಮಲಗುವ ಮೊದಲು ಎಂಜಿನ್ ಕೆಳಗೆ ಒಂದು ದೊಡ್ಡ ರಟ್ಟು ಹಾಸಿಬಿಡಿ. ಬೆಳಿಗ್ಗೆ ಎದ್ದು ಯಾವ ಜಾಗದಲ್ಲಿ ಯಾವ ಬಣ್ಣದ ಹನಿ ಬಿದ್ದಿದೆ ಅಂತ ನೋಡಿದರೆ ಎಲ್ಲಿ ಸೋರುತ್ತಿದೆ ಅನ್ನುವುದು ಗೊತ್ತಾಗುತ್ತದೆ.